ಸಾವಿರ ಕಿಲೋಮೀಟರ್ ಕೆಳಗಿನ ನೀರು

ಶಿರ್ವದ ಬಸ್ಸು ಕಾಪು ಪೇಟೆ ಬಿಟ್ಟು ಒಳದಾರಿಗೆ ತಿರುಗಿದಾಗ ವಿನೋದಾಳಿಗೆ ಇಳಿದುಬಿಡೋಣ ಅನ್ನಿಸಿತು. ಇಳಿದು ಮನೆಗೆ ವಾಪಸು ನಡೆದು, ತಲೆನೋವು ಎಂದು ಕಾರ್ಲನಿಗೆ ಒಂದು ಮೆಸೇಜು ಹಾಕಿದರೆ ಮುಗಿಯಿತು. ಅವನು ನಂಬುತ್ತಾನೆ; ನಂಬದಿದ್ದರೂ ನಂಬಿದ ಹಾಗೆ ಮಾಡುತ್ತಾನೆ. ಮಣಿಪಾಲದಲ್ಲಿ ಅವಳ ಕೈಕೆಳಗೆ ಪಿಎಚ್‌ಡಿ ಮಾಡಿದವನು ಕಾರ್ಲ್. ಈಗ ಜರ್ಮನಿಯ ಒಂದು ಪ್ರಯೋಗಾಲಯದಲ್ಲಿ ಅವಳು ಮಾಡುವ ಕೆಲಸವನ್ನೇ ಅವಳಿಗಿಂತ ದೊಡ್ಡ ಯಂತ್ರಗಳಲ್ಲಿ ಮಾಡುತ್ತಿದ್ದ. ರಜೆಯಲ್ಲಿ ಬೆಳ್ಮಣ್ಣಿನ ಮನೆಗೆ ಬಂದವನು ಮೊನ್ನೆ ಫೋನು ಮಾಡಿ, "ಒಂದು ವಿಷಯ ಹೇಳ್ಲಿಕ್ಕುಂಟು ಮೇಡಂ. ಫೋನಿನಲ್ಲಿ ಬೇಡ. ಶನಿವಾರ ಊಟಕ್ಕೆ ಬನ್ನಿ, ಅಮ್ಮನೂ ಕರೀತಿದ್ದಾರೆ" ಎಂದಿದ್ದ. ಫೋನಿನಲ್ಲಿ ಹೇಳಲಾಗದ ವಿಷಯ ಯಾವುದೆಂದು ಅವಳಿಗೆ ಆ ಕ್ಷಣವೇ ಗೊತ್ತಾಗಿತ್ತು. ಒಳ್ಳೆಯ ಸುದ್ದಿಯಾಗಿದ್ದರೆ ಫೋನು ಸಾಕಿತ್ತು. "ಅಯ್ಯೋ, ಖಂಡಿತ ಬರ್ತೇನೆ" ಎಂದು ಇಲ್ಲದ ಉತ್ಸಾಹ ತಂದುಕೊಂಡು ಹೇಳಿ, ಆಮೇಲೆ ಆ ದನಿಗಾಗಿ ತನ್ನಷ್ಟಕ್ಕೆ ನಾಚಿದ್ದಳು. ಈಗ ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದಾಗ ಬಾಯಿ ತಾನಾಗಿ "ಶಿರ್ವ" ಎಂದಿತು. ಟಿಕೇಟು ಕೈಗೆ ಬಂದ ಮೇಲೆ ಇಳಿಯುವ ಮಾತು ಇರಲಿಲ್ಲ.

ಮೇ ತಿಂಗಳ ಸೆಕೆಗೆ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಮಳೆ ಇನ್ನೂ ಬಂದಿರಲಿಲ್ಲ, ಆದರೆ ಗಾಳಿಯಲ್ಲಿ ಅದು ಆಗಲೇ ತುಂಬಿಕೊಂಡು ಕೂತ ಹಾಗಿತ್ತು. ಕಿಟಕಿಯ ಸರಳು ಹಿಡಿದ ತನ್ನ ಕೈಯನ್ನು ಅವಳು ನೋಡಿದಳು. ಅಲುಗದ ಕೈ. ಈ ಕೈಯ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ಎರಡು ವಜ್ರಗಳ ಚೂಪು ತುದಿಗಳ ನಡುವೆ, ಲೋಹದ ತಗಡಿನಲ್ಲಿ ಕೊರೆದ ಕೂದಲೆಳೆಯಷ್ಟು ಸಣ್ಣ ರಂಧ್ರದಲ್ಲಿ, ಕಣ್ಣಿಗೆ ಕಾಣದಂಥ ಒಂದು ಕಲ್ಲಿನ ಕಣವನ್ನು ಸೂಜಿಯ ತುದಿಯಿಂದ ಕೂರಿಸಬೇಕು. ಆಮೇಲೆ ತಿರುಪು ಬಿಗಿಯುತ್ತ ಹೋದರೆ ಆ ಕಣದ ಮೇಲೆ ಭೂಮಿಯ ಒಡಲಿನಷ್ಟು ಒತ್ತಡ ಬೀಳುತ್ತದೆ. ಲೇಸರಿನಿಂದ ಕಾಯಿಸಬಹುದು, ವಜ್ರದ ಮೂಲಕ ಬೆಳಕು ಹಾಯಿಸಿ ಒಳಗೆ ನಡೆಯುವುದನ್ನು ನೋಡಬಹುದು. ಹಾಗೆ ನೋಡಿಯೇ ಅವಳು ಹೇಳಿದ್ದು: ಸಾವಿರ ಕಿಲೋಮೀಟರ್ ಕೆಳಗೆ, ಏನೂ ಉಳಿಯಲಾರದು ಅಂದುಕೊಂಡ ಕಡೆ, ಒಂದು ಖನಿಜ ತನ್ನೊಳಗೆ ನೀರನ್ನು ಹಿಡಿದಿಟ್ಟುಕೊಂಡಿದೆ. ಅದನ್ನು ಹೇಳಿದ ಸಂಶೋಧನಾ ಪ್ರಬಂಧ ಬಂದ ವರ್ಷ ಕಾಪುವಿನ ಶಾಲೆಯವರು ಸನ್ಮಾನ ಮಾಡಿದ್ದರು. "ಭೂಮಿಯ ಒಳಗೆ ಸಾವಿರ ಕಿಲೋಮೀಟರ್ ಇಳಿದು ಬಂದ ನಮ್ಮ ಊರಿನ ಹೆಣ್ಣುಮಗಳು" ಎಂದು ಮೈಕಿನಲ್ಲಿ ಒಬ್ಬರು ಹೇಳಿದಾಗ ಚಪ್ಪಾಳೆ ಬಿತ್ತು. ಇಳಿದದ್ದಲ್ಲ, ಎರಡನೇ ಮಹಡಿಯ ಕೋಣೆಯಲ್ಲಿ ಕೂತು ತಿರುಪು ಬಿಗಿದದ್ದು ಎಂದು ಅವಳು ತಿದ್ದಲಿಲ್ಲ. ಹಣ್ಣಿನ ಬುಟ್ಟಿಯ ಭಾರಕ್ಕೆ ಶಾಲು ಒಂದು ಭುಜದಿಂದ ಜಾರುತ್ತಿತ್ತು. ಅದನ್ನು ಹಿಡಿದುಕೊಳ್ಳುವುದೋ ನಮಸ್ಕಾರ ಮಾಡುವುದೋ ತಿಳಿಯದೆ ನಿಂತ ಆ ಗಳಿಗೆ ಎಷ್ಟೋ ಸಲ ಕಾರಣವಿಲ್ಲದೆ ನೆನಪಾಗಿ ಮೈಯೆಲ್ಲ ಹಿಡಿಯಾಗುವಂತೆ ಮಾಡುತ್ತಿತ್ತು.

ಆಮೇಲೆ ಬೇರೆ ದೇಶಗಳ ಕೆಲವರು ಅದೇ ಪ್ರಯೋಗ ಮಾಡಿ ನೀರು ಸಿಕ್ಕಲಿಲ್ಲ ಎಂದರು, ಕೆಲವರು ಸ್ವಲ್ಪ ಸಿಕ್ಕಿತು ಎಂದರು. ಸಿಕ್ಕದವರ ಕೈ ಪಳಗಿಲ್ಲ ಎಂದು ಅವಳು ಎಲ್ಲ ಸಭೆಗಳಲ್ಲೂ ನಯವಾದ ಭಾಷೆಯಲ್ಲಿ ಹೇಳುತ್ತ ಬಂದಳು. ಹಾಗೆ ಹೇಳುವಾಗ ನಂಬಿಯೇ ಹೇಳುತ್ತಿದ್ದಳು. ಅನುಮಾನ ಬಂದಾಗಲೆಲ್ಲ ಪ್ರಯೋಗವನ್ನು ಮತ್ತೆ ಮಾಡಿದ್ದಳು, ಪ್ರತಿ ಸಲವೂ ನೀರು ಸಿಕ್ಕಿತ್ತು. ಆದರೂ ವಿಜ್ಞಾನ ಪತ್ರಿಕೆಯ ಹೊಸ ಸಂಚಿಕೆ ತೆರೆಯುವಾಗಲೆಲ್ಲ ಹೀಗನ್ನಿಸುವುದು ಮಾತ್ರ ನಿಲ್ಲಲಿಲ್ಲ: ಬಾಗಿಲಲ್ಲಿ ಯಾರೋ ಬಂದು ನಿಂತಿದ್ದಾರೆ, ಬೆಲ್ ಒತ್ತುವುದಿಲ್ಲ, ಹೋಗುವುದೂ ಇಲ್ಲ. ಶಿರ್ವದಲ್ಲಿ ಬಸ್ಸು ಬದಲಿಸಿ ಬೆಳ್ಮಣ್ಣಿನ ಕಡೆ ಹೋಗುವಾಗ ಅವಳು ಯೋಚಿಸುತ್ತಿದ್ದುದು ಮಾತ್ರ ಪ್ರಬಂಧದ ಬಗ್ಗೆ ಅಲ್ಲ, ಕಾರ್ಲನ ಬಗ್ಗೆ. ಮೊದಲ ವರ್ಷ ಲ್ಯಾಬಿನಲ್ಲಿ ಸದಾ ಏನಾದರೊಂದು ಕೇಳುತ್ತ, ತಪ್ಪು ಹೇಳಿ ತಾನೇ ನಗುತ್ತ ಇದ್ದ ಹುಡುಗ ಒಂದು ಸೋಮವಾರದ ಮೀಟಿಂಗಿನ ನಂತರ ಕೇಳುವುದನ್ನು ನಿಲ್ಲಿಸಿದ್ದ. ಹೇಳಿದ್ದು ಮಾಡುತ್ತಿದ್ದ, ಚೆನ್ನಾಗಿಯೇ ಮಾಡುತ್ತಿದ್ದ. ತಾನು ಆ ದಿನ ಎಂತದೋ ಹೇಳಿದ್ದಳು, ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಆ ನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮಾತು ನೆನಪಿಲ್ಲ. ಎಷ್ಟು ತಡಕಿದರೂ ಕೈಗೆ ಬರುವುದಿಲ್ಲ.

ಕಾರ್ಲ್ ಬಸ್ ನಿಲ್ದಾಣಕ್ಕೇ ಬಂದಿದ್ದ. ತಲೆಯ ಮುಂಭಾಗದ ಕೂದಲು ಹೋಗಿತ್ತು, ಚಡ್ಡಿ ಹಾಕಿದ್ದ. ಚಡ್ಡಿಯಲ್ಲಿ ಅವಳೆದುರು ನಿಂತದ್ದಕ್ಕೆ ಅವನಿಗೇ ಮುಜುಗರವಾದಂತೆ ಕಂಡಿತು. "ಸೆಕೆ ಅಲ್ವಾ ಮೇಡಂ" ಎಂದ. ಮನೆಯಲ್ಲಿ ಬರ್ತಾ ಎಂಬ ಹೆಸರಿನ ಅವನ ತಾಯಿ, ಎತ್ತರದ, ಗಟ್ಟಿ ದನಿಯ ಹೆಂಗಸು, ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು, "ಬನ್ನಿ ಬನ್ನಿ, ಇವನು ಓದುವಾಗಿಂದ ನಿಮ್ಮ ಹೆಸರು ಹೇಳಿ ಹೇಳಿ ನಿಮ್ಮನ್ನು ನೋಡದೇ ನನಗೆ ಗುರ್ತ ಉಂಟು" ಎಂದು ಕೈ ಹಿಡಿದುಕೊಂಡು ಒಳಗೆ ಕರೆದೊಯ್ದಳು. ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಬಸಳೆ. "ನಮ್ಮ ಖಾರ ನಿಮಗೆ ಆಗ್ತದಾ?" "ಕಾಪುವಿನವಳಿಗೆ ಎಂತ ಖಾರ?" ಎಂದು ವಿನೋದಾ ನಕ್ಕಳು. ಬರ್ತಾ ಬಡಿಸುತ್ತ ಬಡಿಸುತ್ತ ಮಗನನ್ನು ದೂರಿದಳು. "ಈ ಸಲ ಬಂದಾಗಿನಿಂದ ಮಾತೇ ಇಲ್ಲ ಮೇಡಂ ಇವನಿಗೆ. ಊಟ ಇಲ್ಲ, ನಿದ್ರೆ ಇಲ್ಲ. ಎಂತದು ಕೇಳಿದ್ರೆ ಎಂತದೂ ಇಲ್ಲ. ನೀವಾದ್ರೂ ಕೇಳಿ." ಕಾರ್ಲ್ ತಟ್ಟೆಯ ಮೇಲೆ ಬಗ್ಗಿ ಮೀನಿನ ಮುಳ್ಳು ಬಿಡಿಸುತ್ತಿದ್ದ. ಎಷ್ಟು ಜಾಗ್ರತೆಯಿಂದ ಬಿಡಿಸುತ್ತಾನೆ ಎಂದು ವಿನೋದಾ ನೋಡಿದಳು. ತಾನು ಕಲಿಸಿದ ಬೆರಳುಗಳು. ಅವಳಿಗೆ ಅಚಾನಕ್ಕಾಗಿ ಹೊಳೆಯಿತು: ಈ ದಿನಕ್ಕೆ ತಾನು ಹೆದರಿದ್ದಕ್ಕಿಂತ ಇವನು ಹೆಚ್ಚು ಹೆದರಿದ್ದಾನೆ.

ಊಟವಾದ ಮೇಲೆ ಜಗುಲಿಯಲ್ಲಿ ಫ್ಯಾನಿನ ಕೆಳಗೆ ಕೂತು ಅವನು ಲ್ಯಾಪ್‌ಟಾಪ್ ತೆರೆದ. ತೆರೆದು ಮತ್ತೆ ಅರ್ಧ ಮುಚ್ಚಿದ.

"ನೀರು ಇಲ್ಲ, ಅಲ್ವಾ?" ಎಂದಳು ವಿನೋದಾ.

ಅವನು ಅವಳ ಮುಖ ನೋಡಲಿಲ್ಲ. "ಇಲ್ಲ ಮೇಡಂ."

"ಸರಿಯಾಗಿ ನೋಡಿದ್ದೀಯಾ?"

"ಎರಡು ವರ್ಷ ನೋಡಿದ್ದೇನೆ. ನೀರು ಇರ್ಲಿ, ಇರ್ಲಿ ಅಂತ ನೋಡಿದ್ದೇನೆ." ಅವನು ಲ್ಯಾಪ್‌ಟಾಪನ್ನು ಪೂರ್ತಿ ತೆರೆದ. "ಉಪ್ಪಿನ ಬದಲು ಆರ್ಗಾನ್ ಅನಿಲ ತುಂಬಿಸಿದೆ. ಏನೂ ಇಲ್ಲ. ಖನಿಜ ಒಣಗಿದ ಹಾಗೆ ಉಂಟು. ಆಮೇಲೆ ಉಪ್ಪು ಹಾಕಿದೆ, ಹೊರಗಿನ ಗಾಳಿಯ ತೇವ ಸೇರದ ಒಣ ಪೆಟ್ಟಿಗೆಯೊಳಗೆ ಕೈ ಹಾಕಿ ತುಂಬಿಸಿದೆ. ಆಗಲೂ ಏನೂ ಇಲ್ಲ. ಕಡೆಗೆ ಒಂದು ಕೋಣೆಯಲ್ಲಿ ಹಬೆ ಬಿಟ್ಟು, ನಮ್ಮ ಮಣಿಪಾಲದ ಜುಲೈಯ ಹಾಗೆ ಮಾಡಿ, ಉಪ್ಪನ್ನು ಅಲ್ಲಿಟ್ಟು ತುಂಬಿಸಿದೆ. ನಿಮ್ಮ ಗ್ರಾಫ್ ಬಂತು ಮೇಡಂ. ಗೆರೆ ಗೆರೆಯೂ ಅದೇ."

ಕಣದ ಮೇಲೆ ಎಲ್ಲ ಕಡೆಯಿಂದ ಒತ್ತಡ ಸಮವಾಗಿ ಬೀಳಲಿ ಎಂದು ಸುತ್ತಲೂ ಉಪ್ಪಿನ ಪುಡಿ ತುಂಬುತ್ತಿದ್ದರು. ಒಲೆಯಲ್ಲಿಟ್ಟು ಒಣಗಿಸಿದ ಶುದ್ಧ ಉಪ್ಪು. ಒಲೆಯಿಂದ ತೆಗೆದು ಮೈಕ್ರೋಸ್ಕೋಪಿನ ಕೆಳಗೆ ತಂದು ಸೂಜಿಯಿಂದ ರಂಧ್ರಕ್ಕೆ ತುಂಬುವಷ್ಟರಲ್ಲಿ, ಕಿಟಕಿ ತೆರೆದಿಟ್ಟ ಆ ಹಳೆಯ ಲ್ಯಾಬಿನ ಗಾಳಿ, ಅರಬ್ಬೀ ಸಮುದ್ರದಿಂದ ಎದ್ದು ಬಂದ ಗಾಳಿ, ಅದರೊಳಗೆ ನುಗ್ಗಿ ಕೂತಿತ್ತು. ಒತ್ತಡ ಕೊಟ್ಟಾಗ ಎಲ್ಲಿಗೂ ಹೋಗಲಾರದೆ ಆ ನೀರು ಕಣದ ಮೈಗೆ ಹತ್ತಿಕೊಂಡಿತ್ತು. ಮತ್ತೆ ಮತ್ತೆ ಮಾಡಿದಾಗ ಮತ್ತೆ ಮತ್ತೆ ಸಿಕ್ಕದೆ ಏನು? ಗಾಳಿ ಅದೇ, ಉಪ್ಪು ಅದೇ, ಅಲುಗದ ಕೈಯೂ ಅದೇ. ಭೂಮಿಯ ಒಡಲಿನಲ್ಲಿ ಅವಳು ಕಂಡದ್ದು ಉಡುಪಿಯ ಮಳೆಗಾಲವನ್ನು.

ಆಗ ಆ ಮಾತು ತಾನಾಗಿ ಎದ್ದು ಬಂತು. ಸೋಮವಾರದ ಮೀಟಿಂಗ್, ಹೊರಗೆ ಧೋ ಎಂದು ಸುರಿಯುತ್ತಿದ್ದ ಮಳೆ, ಕೈ ಎತ್ತಿದ ಕಾರ್ಲ್. "ಮೇಡಂ, ಮಳೆಗಾಲದಲ್ಲಿ ನಮ್ಮ ಗ್ರಾಫ್ ಸ್ವಲ್ಪ ಎತ್ತರ ಬರ್ತದೆ. ಮನೆಯಲ್ಲಿ ಅಮ್ಮನ ಉಪ್ಪಿನ ಭರಣಿ ಸಹ ನೀರೊಡೀತದಲ್ಲ, ಹಾಗೆ ಏನಾದ್ರೂ..." ಮತ್ತು ತಾನು, ಹೊಸದಾಗಿ ಹೆಸರು ಬಂದವಳು, ಮುಂದಿನ ವಾರ ವಿದೇಶಕ್ಕೆ ಹೊರಟವಳು: "ನಿನ್ನ ಅಮ್ಮನ ಭರಣಿಯನ್ನು ಬೆಳ್ಮಣ್ಣಿನಲ್ಲೇ ಬಿಟ್ಟು ಬಾ ಮಾರಾಯ, ಇದು ಅಡುಗೆಕೋಣೆ ಅಲ್ಲ." ಎಲ್ಲರೂ ನಕ್ಕರು. ಈಗ ಒಳಗೆ ಅವನ ಅಮ್ಮ ಪಾತ್ರೆ ತೊಳೆಯುತ್ತ ಯಾವುದೋ ಕೊಂಕಣಿ ಹಾಡನ್ನು ಮೂಗಿನಲ್ಲೇ ಗುನುಗುತ್ತಿದ್ದುದು ವಿನೋದಾಳಿಗೆ ಕೇಳಿಸುತ್ತಿತ್ತು. ಅವಳ ಕೈಯ ಸಾರಿನ ಪರಿಮಳ ಇನ್ನೂ ವಿನೋದಾಳ ಬೆರಳುಗಳಲ್ಲಿತ್ತು.

"ನೀನು ಆಗಲೇ ಹೇಳಿದ್ದೆ" ಎಂದಳು.

ಕಾರ್ಲ್ ತಟ್ಟನೆ ತಲೆಯೆತ್ತಿದ. "ನಿಮಗೆ ನೆನಪುಂಟಾ?"

"ಇರ್ಲಿಲ್ಲ. ಈಗ ಬಂತು. ಕೆಟ್ಟ ಮಾತು ಹೇಳಿದೆ ನಾನು."

"ಛೆ, ಅದು ಬಿಡಿ ಮೇಡಂ. ಹೇಳಿದವನಿಗೇ ಅದರಲ್ಲಿ ನಂಬಿಕೆ ಇರ್ಲಿಲ್ಲ. ಸುಮ್ಮನೆ ಬಾಯಿಗೆ ಬಂದದ್ದು."

"ಬಿಡ್ಲಿಕ್ಕಾಗುವುದಿಲ್ಲ. ತಪ್ಪಾಯ್ತು ಕಾರ್ಲ್."

ಅವನು ಲ್ಯಾಪ್‌ಟಾಪಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತ. ಆಮೇಲೆ ಒಂದೇ ಉಸಿರಿಗೆ ಹೇಳಿದ: ಜರ್ಮನಿಯ ಲ್ಯಾಬಿನ ಮುಖ್ಯಸ್ಥರು ವರ್ಷದಿಂದ ಪ್ರಕಟಿಸು ಎನ್ನುತ್ತಿದ್ದಾರೆ, ಇವನು ಇನ್ನೊಮ್ಮೆ ನೋಡುತ್ತೇನೆ ಎಂದು ಮುಂದೂಡುತ್ತಿದ್ದಾನೆ, ಖಾಯಂ ಆಗಬೇಕಿದ್ದ ಕೆಲಸ ಇದರಿಂದಲೇ ತೂಗಾಡುತ್ತಿದೆ. "ನಿಮಗೆ ಹೇಳದೆ ಹೇಗೆ ಕಳಿಸುವುದು? ಹೇಳುವುದಾದ್ರೂ ಹೇಗೆ? ಪಾಠಪುಸ್ತಕದಲ್ಲಿ ನಿಮ್ಮ ಹೆಸರುಂಟು. ಬೇಕಾದ್ರೆ ನಿಮ್ಮ ಹೆಸರೂ ಹಾಕಿ ಕಳಿಸುವ ಮೇಡಂ, ನೀವೇ ತಿದ್ದಿದ ಹಾಗೆ ಆಗ್ತದೆ."

ವಿನೋದಾ ಪರದೆಯ ಮೇಲಿನ ಎರಡು ಗೆರೆಗಳನ್ನು ನೋಡುತ್ತಿದ್ದಳು. ಒಂದು ತನ್ನದು, ಬೆಟ್ಟದ ಹಾಗೆ ಎದ್ದದ್ದು. ಇನ್ನೊಂದು ಚಪ್ಪಟೆ, ಏನೂ ಇಲ್ಲದ್ದು. ಈಗ ಕುಸಿಯಬೇಕು, ಈಗ ಎಂದು ಒಳಗೆ ಕಾದಳು. ಎದೆ ಹಿಂಡಬಹುದು, ಅಳು ಬರಬಹುದು, ಸಿಟ್ಟಾದರೂ ಬರಬಹುದು. ಏನೂ ಬರಲಿಲ್ಲ. ಬದಲಿಗೆ, ಇಷ್ಟು ವರ್ಷ ಬಾಗಿಲಲ್ಲಿ ನಿಂತವರು ಕಡೆಗೂ ಬೆಲ್ ಒತ್ತಿದ್ದರು, ತೆರೆದು ನೋಡಿದರೆ ಪರಿಚಯದವರೇ. ಮೈ ಹಗುರವಾಗಿ, ಹಾಗೆ ಹಗುರವಾದದ್ದು ಸರಿಯೇ ತಪ್ಪೇ ಎಂದು ಒಂದು ಕ್ಷಣ ಮನಸ್ಸು ಅಳುಕಿತು ಕೂಡ. ಇದು ಸೋಲು ಅಲ್ಲವೇ? ಸೋತವಳಿಗೆ ಹೀಗೆ ಇನ್ನೊಂದು ಲೋಟ ನೀರು ಕುಡಿಯಬೇಕು, ಕಾಲು ಚಾಚಿ ಕೂರಬೇಕು ಅನ್ನಿಸುತ್ತದೆಯೇ?

"ನನ್ನ ಹೆಸರು ಬೇಡ" ಎಂದಳು. "ನೀನು ಕಂಡದ್ದು, ನಿನ್ನ ಹೆಸರಲ್ಲೇ ಬರ್ಲಿ. ಇವತ್ತೇ ಕಳಿಸು. ಅದು ಬಂದ ಮೇಲೆ, ಇವನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಅಂತ ನಾನೇ ಅದೇ ಪತ್ರಿಕೆಗೆ ಬರೀತೇನೆ."

"ಮೇಡಂ, ನಿಮಗೆ ಬೇಜಾರು..."

"ಬೇಜಾರು ಇಲ್ಲ ಅಂದ್ರೆ ಸುಳ್ಳಾಗ್ತದೆ. ಆದ್ರೆ ಆಗ್ಬೇಕಾದಷ್ಟು ಆಗ್ಲಿಲ್ಲ ಮಾರಾಯ!" ಎಂದು ಅವಳು ನಕ್ಕಳು. ಕಾರ್ಲ್ ನಗಲು ಹೋಗಿ ಕಣ್ಣು ಒರೆಸಿಕೊಂಡ. ಒಳಗಿನಿಂದ ಬಂದ ಬರ್ತಾ ಇಬ್ಬರನ್ನೂ ನೋಡಿ, "ಎಂತಾಯ್ತು?" ಎಂದಳು. "ಎಂತದೂ ಇಲ್ಲ, ನಿಮ್ಮ ಮಗ ನನ್ನ ಲೆಕ್ಕದಲ್ಲಿ ತಪ್ಪು ಹುಡುಕಿದ್ದಾನೆ" ಎಂದಳು ವಿನೋದಾ. ಬರ್ತಾ ಗಾಬರಿಯಿಂದ ಮಗನ ಕಡೆ ತಿರುಗಿ ಕೊಂಕಣಿಯಲ್ಲಿ ಬೈಯತೊಡಗಿದಳು. ಟೀಚರಿಗೆ ಯಾರಾದರೂ ಹಾಗೆ ಹೇಳುತ್ತಾರೆಯೇ ಎಂಬ ಅರ್ಥದ ಬೈಗುಳ. ಅವಳನ್ನು ಸಮಾಧಾನ ಮಾಡುವುದೇ ಇಬ್ಬರಿಗೂ ಸ್ವಲ್ಪ ಹೊತ್ತಿನ ಕೆಲಸವಾಯಿತು.

ಚಹಾ ಕುಡಿಯುವಾಗ ಯಶ್ಮಿತಾಳ ನೆನಪಾಗಿ ವಿನೋದಾಳ ಲೋಟ ಕೈಯಲ್ಲೇ ನಿಂತಿತು. ಈಗ ತನ್ನ ಹತ್ತಿರ ಪಿಎಚ್‌ಡಿ ಮಾಡುತ್ತಿರುವ ಹೂಡೆ ಊರಿನ ಹುಡುಗಿ. ಮೆತ್ತಗಿನ ಮಾತು, ತಲೆ ತಗ್ಗಿಸಿ ನಡೆಯುವವಳು. ಅವಳ ಥೀಸಿಸ್ ಪೂರ್ತಿ ನಿಂತಿರುವುದು ಆ ನೀರಿನ ಮೇಲೆಯೇ: ಒತ್ತಡ ಹೆಚ್ಚಿದಂತೆ ಅದು ಎಷ್ಟು ಹೆಚ್ಚುತ್ತದೆ, ಎಷ್ಟು ಕಡಿಮೆಯಾಗುತ್ತದೆ. ಇಷ್ಟು ಹೊತ್ತು ಹಗುರವಾಗಿ ಕೂತದ್ದಕ್ಕೆ ವಿನೋದಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ತಾನೇನೋ ಶಾಲು ಹೊದ್ದಾಗಿದೆ, ಸಂಬಳ ಬರುತ್ತದೆ. ಆ ಹುಡುಗಿಗೆ ಏನುಂಟು? "ನಾನು ಈಗಲೇ ಲ್ಯಾಬಿಗೆ ಹೋಗ್ಬೇಕು" ಎಂದು ಎದ್ದಳು. "ಶನಿವಾರ ಸಹ ಅಲ್ಲಿಯೇ ಇರ್ತಾಳೆ ನನ್ನ ಸ್ಟೂಡೆಂಟ್ ಯಶ್ಮಿತಾ." ಕಾರ್ಲ್ ಕಾರಿನ ಕೀಲಿ ತಂದ.

ಕಾರ್ಕಳದ ಮೇಲಿಂದ ಹೋದರು. ಊರಿನ ನಡುವೆ ಎದ್ದು ನಿಂತ ಕರಿಬಂಡೆ ಬಿಸಿಲಿಗೆ ಕಾದು ಹೊಳೆಯುತ್ತಿತ್ತು. ಎಂದೋ ಭೂಮಿಯ ಒಳಗೆ ಕರಗಿ ತಣಿದು ಮೇಲೆ ಬಂದದ್ದು. ಅದಕ್ಕೆ ಯಾರ ಪ್ರಬಂಧದ ಚಿಂತೆಯೂ ಇರಲಿಲ್ಲ. ಹಿರಿಯಡ್ಕ ದಾಟುವಾಗ ಕಾರ್ಲ್ ಕಿಟಕಿ ಇಳಿಸಿ ಹಳೆಯ ಕನ್ನಡ ಚಿತ್ರಗೀತೆಯೊಂದಕ್ಕೆ ಶಿಳ್ಳೆ ಹಾಕುತ್ತಿದ್ದ, ಎಷ್ಟೋ ಸಮಯದ ನಂತರ ಹಾಕುತ್ತಿರುವವನ ಹಾಗೆ ಶ್ರುತಿ ತಪ್ಪುತ್ತಿತ್ತು. ವಿನೋದಾ ಮಾತ್ರ ಯಶ್ಮಿತಾಳಿಗೆ ಹೇಳುವ ಮಾತನ್ನು ಜೋಡಿಸುತ್ತಿದ್ದಳು. ಇತ್ತೀಚೆಗೆ ಆ ಹುಡುಗಿ ಕಣ್ಣಿಗೆ ಬೀಳುವುದೇ ಕಡಿಮೆಯಾಗಿತ್ತು. ಎದುರು ಸಿಕ್ಕರೆ "ಆಗ್ತಾ ಉಂಟು ಮೇಡಂ, ಸ್ವಲ್ಪ ಬಾಕಿ" ಎಂದು ಗೋಡೆಯ ಪಕ್ಕಕ್ಕೆ ಸರಿದು ಹೋಗುತ್ತಿದ್ದಳು. ಕಳೆದ ತಿಂಗಳು ವಿನೋದಾ ತಾಳ್ಮೆಗೆಟ್ಟು, "ಕೈ ಸ್ಥಿರ ಇರ್ಬೇಕು ಯಶ್ಮಿತಾ, ಎಲ್ಲರಿಗೂ ಈ ಕೆಲಸ ಆಗುವುದಿಲ್ಲ" ಎಂದಿದ್ದಳು. ಅಂದರೆ ಇನ್ನೂ ಕಲಿತಿರಲಿಲ್ಲ ತಾನು. ಪರ್ಕಳದ ಏರಿನಲ್ಲಿ ಲಾರಿಯ ಹಿಂದೆ ಕಾರು ತೆವಳುವಾಗ ಆ ಮಾತು ಕಿವಿಯಲ್ಲಿ ಮತ್ತೆ ಮತ್ತೆ ಕೇಳಿಸಿ, ಎಲ್ಲಾದರೂ ಮುಖ ಮುಚ್ಚಿಕೊಳ್ಳೋಣ ಅನ್ನಿಸಿತು.

ಲ್ಯಾಬಿನಲ್ಲಿ ಎಸಿ ತಣ್ಣಗೆ ಗುಂಯ್ ಎನ್ನುತ್ತಿತ್ತು. ಕಳೆದ ವರ್ಷ ಬಂದ ಹೊಸ ಒಣ ಪೆಟ್ಟಿಗೆಯ ಉದ್ದನೆಯ ರಬ್ಬರಿನ ಗವಸುಗಳೊಳಗೆ ಮೊಣಕೈವರೆಗೆ ಕೈ ತೂರಿಸಿಕೊಂಡು ಯಶ್ಮಿತಾ ಗಾಜಿನ ಆಚೆ ಸೂಜಿ ಹಿಡಿದಿದ್ದಳು. ಬಾಗಿಲ ಸದ್ದಿಗೆ ಬೆಚ್ಚಿ ಕೈ ಹೊರತೆಗೆದಳು. ವಿನೋದಾ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು ಹೋಯಿತು. "ಯಶ್ಮಿತಾ, ಇವನು ಕಾರ್ಲ್, ನಿನ್ನ ಸೀನಿಯರ್. ನಿನಗೊಂದು ಕೆಟ್ಟ ಸುದ್ದಿ ಹೇಳ್ಬೇಕು. ಕೂತ್ಕೋ" ಎಂದಳು. ಹುಡುಗಿ ಕೂರಲಿಲ್ಲ. "ಆ ಖನಿಜದಲ್ಲಿ ನೀರಿಲ್ಲ. ಕಾರ್ಲ್ ನೋಡಿದ್ದಾನೆ. ನನ್ನ ಪ್ರಬಂಧ ತಪ್ಪು. ಉಪ್ಪು ಗಾಳಿಯ ನೀರು ಕುಡಿದಿತ್ತು. ನಿನ್ನ ಥೀಸಿಸ್ಸಿಗೆ ನಾವು ಬೇರೆ ದಾರಿ..."

ಯಶ್ಮಿತಾ ಅವಳನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು. "ಹಾಗಾದ್ರೆ... ನನ್ನ ಕೈ ಸರಿ ಉಂಟಾ ಮೇಡಂ?"

"ಎಂತ?"

"ನನಗೆ ನೀರು ಬರ್ಲೇ ಇಲ್ಲ ಮೇಡಂ. ಈ ಪೆಟ್ಟಿಗೆ ಬಂದಾಗಿನಿಂದ ಒಂದು ಸಲವೂ ಬರ್ಲಿಲ್ಲ. ನಿಮಗೆ ಬಂದದ್ದು ನನಗೆ ಬರುವುದಿಲ್ಲ ಅಂದ್ರೆ ನನ್ನದೇ ತಪ್ಪು ಅಂತ ಮಾಡ್ತಾ ಇದ್ದೆ, ಮಾಡ್ತಾ ಇದ್ದೆ... ಹೇಗೆ ಹೇಳುವುದು ಗೊತ್ತಾಗ್ಲಿಲ್ಲ. ಸೋಮವಾರ, ಪಿಎಚ್‌ಡಿ ಬಿಡ್ತೇನೆ ಅಂತ ಹೇಳ್ಲಿಕ್ಕಿದ್ದೆ. ಮನೆಯಲ್ಲಿ ಹೇಳಿ ಆಗಿದೆ. ಕೆಮ್ಮಣ್ಣಿನ ಶಾಲೆಯಲ್ಲಿ ಟೀಚರ್ ಬೇಕಂತೆ, ಅಮ್ಮ ಕೇಳಿ ಬಂದಿದ್ದಾರೆ."

ವಿನೋದಾ ಹತ್ತಿರ ಹೋಗಿ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು. ಗವಸಿನೊಳಗೆ ಬೆವೆತು ಮೆತ್ತಗಾದ, ತಣ್ಣಗಿನ ಬೆರಳುಗಳು. "ಸರಿ ಉಂಟು ಮಾರಾಯ್ತಿ" ಎಂದಳು. "ನಿನ್ನ ಕೈ ಸರಿಯೇ ಉಂಟು. ಕಳೆದ ತಿಂಗಳು ನಾನು ಹೇಳಿದ ಮಾತು ಇತ್ತಲ್ಲ, ಅದು ಸರಿ ಇಲ್ಲ." ಕಾರ್ಲ್ ಆಗಲೇ ಕಂಪ್ಯೂಟರಿನ ಮುಂದೆ ಕೂತು ಅವಳ ಗ್ರಾಫುಗಳನ್ನು ಒಂದೊಂದಾಗಿ ತೆರೆಯುತ್ತಿದ್ದ. ಎಲ್ಲವೂ ಚಪ್ಪಟೆ ಗೆರೆಗಳು. "ಎಷ್ಟು ಚಂದ ಉಂಟು ನೋಡಿ ಮೇಡಂ" ಎಂದ. "ನನ್ನದಕ್ಕಿಂತ ಸ್ವಚ್ಛ. ಇದನ್ನು ಅಡಗಿಸಿ ಇಟ್ಟದ್ದಾ ಯಶ್ಮಿತಾ ನೀವು? ನಿಮ್ಮ ಅಳತೆ ಸಹ ಸೇರಿದ್ರೆ ಇನ್ನು ಯಾರೂ ಪ್ರಶ್ನೆ ಕೇಳುವ ಹಾಗಿಲ್ಲ." ಯಶ್ಮಿತಾ ಒಮ್ಮೆ ಅವನನ್ನು, ಒಮ್ಮೆ ಪರದೆಯನ್ನು ನೋಡಿದಳು. ಆಮೇಲೆ "ಒಂದು ನಿಮಿಷ ಮೇಡಂ" ಎಂದು ಫೋನು ಹಿಡಿದು ಕಾರಿಡಾರಿಗೆ ಓಡಿದಳು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೆತ್ತಗಿನ ಮಾತಿನ ಹುಡುಗಿ ಇಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ವಿನೋದಾ ಕೇಳಿರಲೇ ಇಲ್ಲ. "ಅಮ್ಮಾ, ಯಾನ್ ಬುಡ್ಪುಜಿ!" ತುಳುವಿನಲ್ಲಿ, ತಾನು ಬಿಡುವುದಿಲ್ಲ ಎನ್ನುತ್ತಿದ್ದಳು. ಅಳುತ್ತ ನಗುತ್ತ, ತಾಯಿಗೆ ಒಂದೇ ಉಸಿರಿಗೆ ಎಲ್ಲ ಹೇಳಿಬಿಡುವ ಅವಸರದಲ್ಲಿ, "ನೀರ್ ಇಜ್ಜಿಗೆ ಅಮ್ಮಾ, ನೀರೇ ಇಜ್ಜಿಗೆ!" ಎಂದು ಕೂಗಿದಳು. ನೀರು ಇಲ್ಲವಂತೆ. ಫೋನಿನ ಆ ಕಡೆಯಿಂದ ಹೂಡೆಯಲ್ಲಿದ್ದ ತಾಯಿಯ ಗಾಬರಿಯ ದನಿ ಕಾರಿಡಾರಿನಲ್ಲೆಲ್ಲ ಕೇಳುವಷ್ಟು ಗಟ್ಟಿಯಾಗಿ ಬಂತು. ಎಲ್ಲಿ ಇಲ್ಲ, ಹಾಸ್ಟೆಲಿನಲ್ಲಾ, ಹಾಗಾದರೆ ಮನೆಗೆ ಬಾ ಮಗಾ, ನಮ್ಮ ಬಾವಿಯಲ್ಲಿ ಬೇಕಾದಷ್ಟು ಉಂಟು.

ವಿನೋದಾ ಸ್ಟೂಲಿನ ಮೇಲೆ ಕೂತು ನಗತೊಡಗಿದಳು. ಗ್ರಾಫುಗಳಲ್ಲೇ ಮುಳುಗಿದ್ದ ಕಾರ್ಲ್ ತಿರುಗಿ ನೋಡಿ ಏನೆಂದು ಕೇಳಿದ. ಹೇಳೋಣವೆಂದರೆ ಅವಳಿಗೆ ಉಸಿರು ಸಿಗಲಿಲ್ಲ.